ಒಂದು ಗಂಟೆ

ಪುಂತಾ ಅರೇನಾಸಿನ ಗಾಳಿಗೆ ಬೀಗವಿಲ್ಲ.
ತಗಡಿನ ಮಾಡುಗಳನ್ನು ಒಂದೊಂದಾಗಿ ತಟ್ಟಿ
ಯಾರಿದ್ದೀರಿ, ಯಾರಿದ್ದೀರಿ ಎಂದು ಕೇಳುತ್ತ ಹೋಗುತ್ತದೆ.
ಇಂಥ ಊರಲ್ಲಿ ಅಲಾರ್ಮ್ ಮಾರುವುದು ನನ್ನ ಕಸುಬು.
ಏಣಿ, ಡ್ರಿಲ್ಲು, ತಂತಿಯ ಸುರುಳಿ,
ಬಾಗಿಲು ಸರಿಯಾಗಿ ಮುಚ್ಚದ ಒಂದು ವ್ಯಾನು.

ಜೂನ್ ತಿಂಗಳು. ಒಂಬತ್ತೂವರೆಯಾದರೂ ಬೆಳಕು ಹರಿದಿರಲಿಲ್ಲ.
ದೋನ್ ಯೆರ್ಕೊ ಬಾಗಿಲಲ್ಲೇ ಕಾದಿದ್ದರು,
ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಹಳೆಯ ಬಿಲ್ಲು:
"ರಾತ್ರಿ ಮೂರು ಸಲ ಅರಚಿತು ನಿನ್ನ ಯಂತ್ರ.
ಕಳ್ಳನೂ ಇಲ್ಲ, ಬೆಕ್ಕೂ ಇಲ್ಲ.
ಇದಕ್ಕಿಂತ ಒಳ್ಳೆಯದು ಯಾವುದು ಹೇಳು, ಹಾಕಿಸುತ್ತೇನೆ."

ಎಲ್ಲರೂ ಕೇಳುವುದು ಇದನ್ನೇ.
ಹೊಸದು ಬೇಡ, ಮೊದಲು ಇದ್ದದ್ದನ್ನು ಒರೆಸೋಣ ಎಂದೆ.

ಹಜಾರದ ಸೆನ್ಸರು ಗ್ಯಾಸ್ ಹೀಟರಿನ ಎದುರಿಗಿತ್ತು.
ಹೀಟರು ಹೊತ್ತಿಕೊಂಡಾಗಲೆಲ್ಲ
ಬಿಸಿಗಾಳಿಗೆ ಪರದೆ ಉಬ್ಬಿ ಎರಡು ಹೆಜ್ಜೆ ಮುಂದೆ ಬರುತ್ತಿತ್ತು;
ಬಿಸಿಯಾದದ್ದು, ಅಲುಗುವುದು: ಆ ಬಡಪಾಯಿಯ ಲೆಕ್ಕದಲ್ಲಿ
ಮನುಷ್ಯನೆಂದರೆ ಅಷ್ಟೇ.
ಕಿತ್ತು ಎದುರಿನ ಮೂಲೆಗೆ ಬಡಿದೆ.

ಗೇಟಿನ ಕ್ಯಾಮೆರಾಕ್ಕೆ ಜೇಡ ಯಾವಾಗಲೋ ಬಿಟ್ಟುಹೋದ ಒಂದೇ ಎಳೆ.
ಇರುಳಿನಲ್ಲಿ ಅದು ಬೆಳ್ಳಗೆ, ತೋಳಿನಷ್ಟು ದಪ್ಪ,
ಬಾ ಎಂದು ಯಾರನ್ನೋ ಕರೆಯುವಂತೆ.
ಅಂಗಿಯ ತುದಿಯಿಂದ ಒರೆಸಿದೆ. ಕಳ್ಳ ಹೋದ.

ಇನ್ನು ಹೊರಡಬೇಕು. ಸುಮ್ಮನೆ, ರೂಢಿಗೆ,
ರೆಕಾರ್ಡರು ತೆರೆದೆ.
ನನ್ನ ಕೈಗಡಿಯಾರದಲ್ಲಿ ಹನ್ನೊಂದೂ ಹತ್ತು,
ಅದರಲ್ಲಿ ಹತ್ತೂ ಹತ್ತು.

ಅರ್ಥವಾಯಿತು. ಏಪ್ರಿಲ್‌ನಲ್ಲಿ ಸಾಂತಿಯಾಗೊ
ಗಡಿಯಾರ ಹಿಂದಕ್ಕೆ ತಿರುಗಿಸುತ್ತದೆ, ನಾವು ತಿರುಗಿಸುವುದಿಲ್ಲ.
ನೆಲದ ಈ ತುದಿಯಲ್ಲಿ ಇರುವುದೇ ಅಂಗೈಯಷ್ಟು ಬೆಳಕು,
ಅದನ್ನೂ ರಾಜಧಾನಿಗೆ ಯಾಕೆ ಕೊಡಬೇಕು?
ಪೆಟ್ಟಿಗೆ ಮಾತ್ರ ರಾಜಧಾನಿಯ ಮಾತು ಕೇಳಿತ್ತು.
ಕೂರಿಸಿದ ದಿನ ಊರು ಬದಲಿಸದೆ ಬಿಟ್ಟದ್ದು ನಾನೇ.

"ಒಂದು ಗಂಟೆ ಹಿಂದಿತ್ತು, ಸರಿಮಾಡಿದೆ" ಎಂದೆ.
ದೋನ್ ಯೆರ್ಕೊ ಕೂತುಬಿಟ್ಟರು.
"ಯಾವಾಗಿನಿಂದ?"
"ಏಪ್ರಿಲ್."
"ಎದೆಲ್ಮಿರಾ" ಎಂದರು.

ಚಿಲೊಯೆ ದ್ವೀಪದವಳು. ಹನ್ನೊಂದು ವರ್ಷ ಈ ಮನೆಯ ಸಾರು,
ಇಸ್ತ್ರಿ, ಕಿಟಕಿಯ ಗಾಜು.
ಒಂಬತ್ತಕ್ಕೆ ಬಂದು ಆರಕ್ಕೆ ಹೊರಡುವುದು ಮಾತು.
ಕ್ಯಾಮೆರಾ ಐದೂ ಎರಡು ಎಂದಿತು. ಮರುದಿನ ಐದೂ ನಾಲ್ಕು.
ಮೇ ತಿಂಗಳ ಸಂಬಳದಲ್ಲಿ ದಿನಕ್ಕೊಂದು ಗಂಟೆ ಹಿಡಿದರು.
"ಆರಕ್ಕೇ ಹೋಗಿದ್ದೇನೆ" ಎಂದಳಂತೆ.
ಇವರು ಫೋನು ಅವಳತ್ತ ತಿರುಗಿಸಿದರು.
ಗೇಟಿನ ಬಳಿ ತಲೆಗೆ ವಸ್ತ್ರ ಬಿಗಿಯುತ್ತಿರುವ ತನ್ನನ್ನು
ಅವಳು ಪೂರ್ತಿ ನೋಡಿದಳು.
ಏಪ್ರನ್ನು ಮಡಚಿ ಕುರ್ಚಿಯ ಮೇಲಿಟ್ಟಳು.

ನನಗೂ ಆ ಚಿತ್ರ ತೋರಿಸಿದರು.
ಅವಳ ಹಿಂದೆ ಕತ್ತಲೆ. ಬೀದಿದೀಪ ಹತ್ತಿದೆ.
ಐದಕ್ಕೆ ಯಾರು ಹತ್ತಿಸುತ್ತಾರೆ ಬೀದಿದೀಪ?
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ;
ಇಲ್ಲಿ ಪ್ರಮಾಣವೂ ಅದೇ ಚಿತ್ರದಲ್ಲಿತ್ತು,
ಕಣ್ಣು ಮಾತ್ರ ಮೂಲೆಯ ಅಂಕಿಯ ಮೇಲೆ.

"ಬರುವುದನ್ನು ನೋಡಿದ್ದಿರಾ?" ಎಂದೆ.
ಹಿಂದಕ್ಕೆ ಓಡಿಸಿದೆ. ಏಳೂ ಐವತ್ತೆಂಟು.
ಏಳೂ ಐವತ್ತಾರು. ಏಳೂ ಐವತ್ತೆಂಟು.
ಆ ಪೆಟ್ಟಿಗೆಯ ಪ್ರಕಾರವೇ
ದಿನವೂ ಒಂದು ಗಂಟೆ ಮೊದಲೇ ಬಂದಿದ್ದಳು.
"ಬರುವುದನ್ನು ಯಾರು ನೋಡುತ್ತಾರೆ" ಎಂದರು.
ಪ್ರಶ್ನೆಯಂತೆ ಕೇಳಿಸಲಿಲ್ಲ.

ಬಿಲ್ಲು ಬರೆಯಲು ಕೂತೆ.
ಕೂಲಿ: ಒಂದು ಗಂಟೆ, ಎಂದು ಬರೆದು
ಹೊಡೆದುಹಾಕಿದೆ.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೇಳಿದರು:
"ಅವಳ ಕೋಡು ಅಳಿಸಿದ್ದೆ. ನಾಲ್ಕನೆಯದು.
ಮತ್ತೆ ಹಾಕಲು ಬರುತ್ತದೆಯೇ?"
"ಬರುತ್ತದೆ. ಅಂಕಿ ಮಾತ್ರ ಅವಳೇ ಬಂದು ಒತ್ತಬೇಕು."

ವ್ಯಾನಿನ ಬಾಗಿಲು ಮೂರು ಸಲ ಎಳೆದರೂ
ಗಾಳಿ ಬಿಡಲಿಲ್ಲ.