ಒಂಟಿ ಇಸ್ತ್ರಿ

ಬೆಟಗೇರಿಯ ಗುರಪಾದಪ್ಪನ ಪ್ರೆಸ್ಸಿನ್ಯಾಗ
ಲಗ್ನಪತ್ರಿಕೆಗೆ ಒಂದು ಕೇಸು, ಬಿಲ್‌ಬುಕ್ಕಿಗೆ ಒಂದು.
ತೊಂಬತ್ನಾಲ್ಕರ ವೈಶಾಖ, ಒಂದರ ಮ್ಯಾಲೊಂದು ಮುಹೂರ್ತ.
ನನ್ನ ಬೆರಳ ತುದಿ ಸೀಸ ಹತ್ತಿ ಕರ್ರಗ.

ಫೋನ್ ಬಂತು ಮಂಜರಿ ಟಾಕೀಸಿಂದ:
ಬೆಳಗಿನ ಆಟ, ಹನ್ನೊಂದಕ್ಕ,
ಒಂದೇ ಟಿಕೆಟಿನ್ಯಾಗ ನಾಲ್ಕು ಕಥಿ,
ವಯಸ್ಕರಿಗೆ ಮಾತ್ರ.
‘ಮಾತ್ರ’ ಅನ್ನೂದು ದಪ್ಪಗಿರಲಿ, ಅಂದ ಮ್ಯಾನೇಜರ ಹೆಬಸೂರ.

ದಪ್ಪ ಅಕ್ಷರ ಇದ್ದದ್ದು ಲಗ್ನದ ಕೇಸಿನ್ಯಾಗ ಅಷ್ಟ.
‘ಮಾಂಗಲ್ಯ’ದಿಂದ ಮಾ ಕಿತ್ತೆ,
‘ಜ್ಯೇಷ್ಠ ಪುತ್ರ’ನಿಂದ ತ್ರ.
ಗುರಪಾದಪ್ಪ ವಿಭೂತಿ ಹಣಿ ಆ ಕಡೆ ತಿರುವಿ
‘ಕೆಲಸ ಮುಗದ ಮ್ಯಾಲ ಸೀಮೆಎಣ್ಣಿ ಹಾಕಿ ತೊಳದಿಡು’ ಅಂದ.

ಮೂರನೇ ಕಥಿ ಹೆಸರು ‘ಒಂಟಿ ಸ್ತ್ರೀ’.
ಫೋನಿನ ಗೊರಗೊರ, ಹೊರಗ ಮಗ್ಗದ ಸಪ್ಪಳ,
ನನಗ ಕೇಳಿದ್ದು ‘ಒಂಟಿ ಇಸ್ತ್ರಿ’.
ಜೋಡಿಸಿದೆ. ಎರಡು ಸಾವಿರ ಹೊಡದ್ವಿ, ಗುಲಾಬಿ ಕಾಗದ.
ಮರದಿನ ಚಾದಂಗಡಿಯೆಲ್ಲಾ ನಕ್ಕಿತು:
‘ಲಾಂಡ್ರಿ ಉದ್ಘಾಟನೆ ಏನಲೇ?’

ಪಗಾರದಾಗ ಹದಿನೈದು ರೂಪಾಯಿ ಹಿಡದ್ರು.
ಹೆಬಸೂರ ನಕ್ಕೋಂತ ಒಂದು ಪಾಸ್ ಕೊಟ್ಟ:
‘ನೋಡ ಬಾ, ಏನ ಛಾಪಿಸಿ ಅಂತ ಗೊತ್ತಾಗಲಿ.’

ಗೇಟಿನ್ಯಾಗ ನನ್ನ ಮೀಸಿ ದಿಟ್ಟಿಸಿ ನೋಡಿ ಬಿಟ್ರು.
ಒಳಗ ಕತ್ತಲಿ, ಬೀಡಿ, ತಗಣಿ.
ಊರಾಗ ದಿನಾ ಶರಣು ಶರಣಾರ್ಥಿ ಅನ್ನೋ ಮಂದಿ
ಯಾರೂ ಯಾರನೂ ಗುರುತಿಸದಂಗ ಕುಂತಿದ್ರು.
ಮುಂದಿನ ಸಾಲಿನ್ಯಾಗ ಅಂವ,
ಹೋದ ವಾರ ನಾನ ಜೋಡಿಸಿದ ‘ಚಿ. ಫಕ್ಕೀರೇಶ’,
ಕೈಯಾಗ ಇನ್ನೂ ಬಿಚ್ಚದ ಕಂಕಣ.

ಮೊದಲನೇ ಕಥಿ: ಬಂಗ್ಲೆ, ಕರೆಂಟ್ ಹೋಗೂದು, ಡ್ರೈವರ.
ಎರಡನೇದು ನೆನಪಿಲ್ಲ, ಸೀಟಿ ಹೊಡದದ್ದು ನೆನಪೈತಿ.
ಮೂರನೇದರಾಗ ಒಬ್ಬ ಹೆಂಗಸು
ಯಾರದೋ ಅಂಗಿ ಇಸ್ತ್ರಿ ಮಾಡಾಕತ್ತಾಳ.

ದೇವರಾಣಿ, ಇಸ್ತ್ರಿ.

ಕೊಳ್ಳಪಟ್ಟಿ, ಆಮ್ಯಾಲೆ ತೋಳು, ಆಮ್ಯಾಲೆ ಬೆನ್ನು.
ನೀರು ಚಿಮುಕಿಸಿದ್ರ ಚುಂಯ್ ಅಂತ ಹಬಿ.
ಅಂಗಿಯಂವ ಬರಲಿಲ್ಲ. ಆಕಿ ಸೆರಗೂ ಜಾರಲಿಲ್ಲ.
ಇದ್ದಲಿ ಆರಿತ್ತಂತ ಕಾಣತೈತಿ,
ಬೆರಳು ಹಸಿ ಮಾಡಿ ಇಸ್ತ್ರಿಗೆ ಮುಟ್ಟಿಸಿ
ಸುಮ್ಮನ ತಲಿ ಎತ್ತಿ ನೋಡಿದ್ಲು,
ನಮ್ಮನ್ನ, ಕುರ್ಚಿಯಾಗ ಕುಂತವರನ್ನ.

‘ರೀಲ್ ತಗೀಲೇ ನದಾಫಾ!’
ಕುರ್ಚಿ ಬಡದ್ರು. ರೊಕ್ಕ ವಾಪಸ್ ಕೇಳಿದ್ರು.
ಕಂಕಣದ ಕೈ ಒಂದ ಅಲುಗಲಿಲ್ಲ.

ಮರದಿನದಿಂದ ಮೂರ ಕಥಿ.
ಆಪರೇಟರ ಇಮಾಮಹುಸೇನ ನದಾಫ ಹೇಳಿದ:
ಆ ರೀಲು ಹಾವೇರಿ ಬಸ್ಸಿಗೆ ಹಾಕಿ ಕಳಸೇನಿ,
ಅಲ್ಲೂ ಡಬ್ಬಿ ತಗದಿಲ್ಲಂತ.
ಹೆಬಸೂರ ಬಂದು ‘ನಾಲ್ಕು’ ಕಿತ್ತು ‘ಮೂರು’ ಮಾಡು ಅಂದ.
ಮಾಡಿದೆ.

ಆಫ್‌ಸೆಟ್ ಬಂತು. ಸೀಸ ತೂಕಕ್ಕ ಹೋತು.
ಕೇಸು ಖಾಲಿ ಮಾಡೂ ದಿನ
ದಾರ ಸುತ್ತಿ ಮೂಲ್ಯಾಗ ಇಟ್ಟಿದ್ದ ಒಂದು ಸಾಲು
ಕಿಸೇದಾಗ ಹಾಕ್ಕೊಂಡೆ. ಕದ್ದೆ ಅಂತಲೇ ಅನ್ರಿ.

ನನ್ನ ಲಗ್ನಪತ್ರಿಕೆ ಹುಬ್ಬಳ್ಳಿಯಾಗ ಆತು, ನಾಕು ಬಣ್ಣ,
ಅದರಾಗ ಒಂದಕ್ಷರಕ್ಕೂ ತೂಕ ಇರಲಿಲ್ಲ.

ಹೋದ ದೀಪಾವಳಿಗೆ ಕಪಾಟು ಝಾಡಿಸುವಾಗ
ಹೆಂಡತಿ ಕೈಗೆ ಅದು ಸಿಕ್ಕಿತು.
ಉಲ್ಟಾ ಅಕ್ಷರ. ಕನ್ನಡಿಗೆ ಹಿಡದು
ಸಣ್ಣ ಹುಡುಗಿಯಂಗ ಬಿಡಿಸಿ ಬಿಡಿಸಿ ಓದಿದ್ಲು.
‘ಏನ್ರಿ ಇದು?’
ಒಂದು ತಪ್ಪು, ಅಂದೆ.
ಆಕಿ ಇನ್ನೊಮ್ಮೆ ಓದಿದ್ಲು.
‘ಎಲ್ಲೈತಿ ತಪ್ಪು? ಕಾಗುಣಿತ ಬರೋಬ್ಬರಿ ಐತಲ್ಲ.’