ಆರನೇ ವಾರ್ಡಿನ ಒಬ್ಬಳು

ನಿಖಿತಾ ಕುಂದರ್ ಲ್ಯಾಪ್‌ಟಾಪ್ ತೆರೆದು
ನನ್ನ ಜಗಲಿಯಲ್ಲಿ ಕೂತಿದ್ದಾಳೆ. ಚಹಾ ತಣಿದಿದೆ.
ಮಲ್ಪೆ ಕಡೆಯ ಎರಡು ವಾರ್ಡು, ಎರಡು ಗಣತಿ,
ನಡುವೆ ಹತ್ತು ವರ್ಷ.
ಹೊಸ ಅಂಗನವಾಡಿ ಎಲ್ಲಿ ಬೇಕು ಎಂದು
ಅವಳು ವರದಿ ಬರೆಯಬೇಕು.
"ಟೀಚರ್, ಇದೊಂದು ನೋಡಿ.
ಆರನೇ ವಾರ್ಡಿನಲ್ಲಿ ಪರಿಶಿಷ್ಟ ಪಂಗಡ
ಶೇಕಡಾ ನೂರು ಇಳಿದಿದೆ."

ಆ ಚೌಕಕ್ಕೆ ಕೆಂಪು ಬಣ್ಣ ಬೇರೆ.
ಕನ್ನಡಕ ಒರೆಸಿಕೊಂಡು ನೋಡಿದೆ:
ಆಗ ಒಂದು. ಈಗ ಸೊನ್ನೆ.
ನೂರು ಅಂದರೆ ಇಷ್ಟೇ.

ಆ ಒಂದನ್ನು ಬರೆದದ್ದು ನಾನು.
ಫೆಬ್ರವರಿಯ ಸೆಕೆ, ಕಂಕುಳಲ್ಲಿ ಫಾರ್ಮುಗಳ ಚೀಲ,
ಶಾಲೆ ಬಿಟ್ಟ ಮೇಲೆ ಮನೆಮನೆ.
"ವಯಸ್ಸು?" ಎಂದರೆ
"ಅರುವತ್ತು ಬರೆಯಿರಿ, ಎಪ್ಪತ್ತಾದರೂ ಆದೀತು."
ಅರುವತ್ತೊಂದರವರು ಊರಿನಲ್ಲಿ
ಹುಟ್ಟಲೇ ಇಲ್ಲವೇನೋ ಅನ್ನುವ ಹಾಗಿತ್ತು ನನ್ನ ಹಾಳೆ.
ಸಿಗಡಿ ಸುಲಿಯುತ್ತಿದ್ದವಳ ಗಂಡ
"ಇವಳಾ? ಇವಳಿಗೆ ಕೆಲಸ ಇಲ್ಲ" ಎಂದ.
ಅವಳು ತಲೆ ಎತ್ತಲಿಲ್ಲ, ಬೋಗುಣಿ ಅರ್ಧ ತುಂಬಿತ್ತು.
ನಾನು ಇನ್ನೊಮ್ಮೆ ಕೇಳಿದೆ, ಅವಳನ್ನೇ.
ಎಲ್ಲ ಮನೆಯಲ್ಲೂ ಹಾಗೆ ಕೇಳಿದೆನೇ?
ಇಲ್ಲ. ಕತ್ತಲಾಗುತ್ತಿತ್ತು.

ತಿಂಗಳ ಕೊನೆಯ ರಾತ್ರಿ ದಕ್ಕೆಯಲ್ಲಿ
ಬಲೆರಾಶಿಯ ಮೇಲೆ ಮಲಗಿದವರ ಸರದಿ.
ಮುಖಕ್ಕೆ ಟಾರ್ಚು ಬಿಡುವುದು ಸರಿಯಲ್ಲ ಎಂದು
ಲಿಗೋರಿ ಮಾಸ್ತರರು ಮೊದಲು ಕಾಲುಗಳನ್ನು ಎಣಿಸಿ
ಎರಡರಿಂದ ಭಾಗಿಸಿದರು.
ಹದಿನೆಂಟೂವರೆ ಬಂತು.
ಮತ್ತೆ ಎಣಿಸಿದರು. ಹದಿನೆಂಟೂವರೆಯೇ.
ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ, ಕ್ಷಮೆ ಕೇಳಿ,
ಹೆಸರು ಕೇಳಿದೆವು.
ಹತ್ತೊಂಬತ್ತನೆಯವನು ಎದ್ದು ಕೂತು
ಊರುಗೋಲು ಹುಡುಕಿಕೊಂಡ.
ಸರಾಸರಿ ಅಂತ ಯಾರು ಹೇಳಿದರೂ ನನಗೆ
ಈಗಲೂ ಆ ಊರುಗೋಲು ನೆನಪಾಗುತ್ತದೆ.

"ಆ ಒಬ್ಬರು ಸತ್ತರಾ ಟೀಚರ್? ಊರು ಬಿಟ್ಟರಾ?"

ಹೆಂಗಸು, ಒಬ್ಬಳೇ. ತೋಡಿನ ಪಕ್ಕದ ಮನೆ.
ಬಿಳಲಿನ ಬುಟ್ಟಿ ಹೆಣೆ...
ಬೇಡ. ಅಷ್ಟು ಹೇಳಿದರೆ ಸಾಕು,
ಮೀನು ಮಾರ್ಕೆಟ್ಟಿನಲ್ಲಿ ಹತ್ತು ಮಂದಿ ಹೆಸರು ಹೇಳುತ್ತಾರೆ.
ಕೋಷ್ಟಕದಲ್ಲಿ ಒಂದು ಅಂತಿದ್ದರೆ
ಅದು ಮನೆ ನಂಬರೇ.

"ನಕಾಶೆ ಉಂಟಾ?" ಎಂದೆ.
ಹಳೆಯದು ಸಿಗಲು ಮುಕ್ಕಾಲು ಗಂಟೆ ಹಿಡಿಯಿತು.
ಒಂದರ ಪಕ್ಕ ಒಂದಿಟ್ಟು ಬೆರಳಾಡಿಸಿದೆವು.
ತೋಡಿನ ಗುಂಟ ಇದ್ದ ಗೆರೆ
ಐಸ್ ಪ್ಲಾಂಟಿನ ರಸ್ತೆಗೆ ಸರಿದಿತ್ತು.
ನಡುವೆ ಸಿಕ್ಕ ಮನೆಗಳೆಲ್ಲ
ಕೂತಲ್ಲೇ ವಾರ್ಡು ಬದಲಿಸಿದ್ದವು,
ಬಾವಿ, ನಾಯಿ, ತೊಟ್ಟಿಲು ಸಮೇತ.

"ಅವಳು ಹೋಗಲಿಲ್ಲ ಮಗಾ. ಗೆರೆ ಹೋಯಿತು."

ನಿಖಿತಾ ಏಳನೇ ವಾರ್ಡಿನ ಸಾಲಿಗೆ ಇಳಿದಳು.
ಆಗ ಸೊನ್ನೆ. ಈಗ ಒಂದು.
ಎಷ್ಟು ಶೇಕಡಾ ಏರಿತು ಎಂದು ಹೇಳಲಾಗದೆ
ಯಂತ್ರ ಅಲ್ಲಿ "ದೋಷ" ಎಂದು ಬರೆದಿತ್ತು.
ಅವಳು ಮೊದಲು ನಕ್ಕಳು.
ಆಮೇಲೆ ನಗು ನಿಲ್ಲಿಸಿ
ಆರು ವರ್ಷದೊಳಗಿನ ಮಕ್ಕಳ ಸಾಲನ್ನು
ಮೊದಲಿಂದ ನೋಡತೊಡಗಿದಳು.
ಆರರಲ್ಲಿ ಕಡಿಮೆಯಾದವರು, ಏಳರಲ್ಲಿ ಹೆಚ್ಚಾದವರು:
ಎರಡೂ ವಾರ್ಡು ಕೂಡಿಸಿದರೆ
ಮಕ್ಕಳು ಎಲ್ಲಿಗೂ ಹೋಗಿರಲಿಲ್ಲ.

ಕೆಂಪು ಬಣ್ಣ ತೆಗೆದಳು.
ಪಂಗಡದ ಸಾಲನ್ನೇ ವರದಿಯಿಂದ ಬಿಟ್ಟಳು.
ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ:
ಗಡಿ ಬದಲಾಗಿದೆ, ವಾರ್ಡುಗಳನ್ನು ಬಿಡಿಯಾಗಿ ಹೋಲಿಸಬೇಡಿ.
ಸಣ್ಣ ಅಕ್ಷರ ಯಾರು ಓದುತ್ತಾರೋ.

"ಅವರ ಹೆಸರೇನು ಟೀಚರ್?
ವರದಿಗಲ್ಲ. ಸುಮ್ಮನೆ."

ಚಹಾ ಬಿಸಿ ಮಾಡಿ ತರುತ್ತೇನೆ ಎಂದು ಎದ್ದೆ.
ಅಡಿಗೆಮನೆಯ ಮೂಲೆಯಲ್ಲಿ
ನಿನ್ನೆಯಷ್ಟೇ ಅವಳು ತಂದುಕೊಟ್ಟ ಬುಟ್ಟಿ,
ಇನ್ನೂ ಕಾಡಿನ ವಾಸನೆ.
ಲೋಟ ತೊಳೆಯಲು ಹುಡುಗಿ ಒಳಗೆ ಬಂದಾಳು ಎಂದು
ಅದರ ಮೇಲೊಂದು ಬೈರಾಸು ಹೊದಿಸಿದೆ.