ಗುಂಡಿ

ಕಂಟೋನ್ಮೆಂಟಿನ ಆಚೆ, ರೈಲು ಗೇಟು ದಾಟಿ
ತಗಡಿನ ಶೆಡ್ಡು. ಬಾಗಿಲಲ್ಲೇ ದಸ್ತಗೀರ್ ತಾತ,
ಪಶು ಆಸ್ಪತ್ರೆಯ ಹಳೇ ಕಾಂಪೌಂಡರು,
ನನ್ನ ಮುಖ ನೋಡದೆ ಫಾರಂ ತುಂಬುತ್ತಾನೆ.

ಹೆಸರು? ಎರ್ರೆಮ್ಮ.
ಕೆಲಸ? ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆ, ಪೀಸಿಗಿಷ್ಟು.
ಮನೆ ಸ್ವಂತವೋ ಬಾಡಿಗೆಯೋ?
ಬಾಡಿಗೆ ಅಂದರೆ ಕೊಡಲಿಕ್ಕಿಲ್ಲವೆಂದು
ಸ್ವಂತ ಅನ್ನಲು ಬಾಯಿ ತೆರೆದೆ.
ಬಾಡಿಗೆ ಅಂದೆ.
ಆತ ಬರೆದುಕೊಂಡ.

ಮರಿಯ ಬಣ್ಣ: ಕೆಂಪು. ಅದರ ಮೇಲೊಂದು ಗೀಟು.
ಕಂದು. ಅದಕ್ಕೂ ಗೀಟು.
"ಅದಿರಿನ ಲಾರಿಯಾಗೆ ಬಂದಿದ್ದಮ್ಮ ಇದು.
ತೋರಣಗಲ್ಲು ದಾಟಿ ಡ್ರೈವರು ಟಾರ್ಪಾಲು ಸರಿಸಿದ್ರೆ
ಕೆಂಪು ಗುಡ್ಡೆ ಮ್ಯಾಲೆ ಕೆಂಪು ಮುದ್ದೆ.
ಮೂರು ಸಲ ತೊಳೆದ್ವಿ, ನೀರು ಕೆಂಪಗೇ ಹರೀತು.
ನಾಲ್ಕನೇ ಸಲ ಗೊತ್ತಾತು, ಬಿಳಿ ಐತೆ ಅಂತ."
ಕಿವಿಯ ಹಿಂದೆ ಇನ್ನೂ ಚೂರು ಗಣಿ ಉಳಿದಿತ್ತು.

ತಳಿ? ಪೆನ್ನು ನಿಂತಿತು.
ಒಂದು ಕಿವಿ ನೆಟ್ಟಗೆ, ಒಂದು ಜೋತು,
ಮುಧೋಳದ ಕಾಲು, ಯಾವುದೋ ಬಂಗಲೆಯ ಬಾಲ,
ಹೊಟ್ಟೆ ಮಾತ್ರ ನಮ್ಮ ಓಣಿಯದೇ.
ಬೆರಕೆ, ಎಂದು ಬರೆದ.

ಆ ಪದ ನನಗೆ ಹೊಸದಲ್ಲ.
ಅವ್ವ ಕುಕನೂರಿನವಳು, ಅಪ್ಪ ಆಲೂರಿನ ತೆಲುಗಿನವ.
ಎರಡೂ ಕಡೆಯ ಮದುವೆಯೂಟಗಳಲ್ಲಿ
ನನ್ನ ಎಲೆಗೆ ಪಾಯಸ ಬರುವ ಹೊತ್ತಿಗೆ
ಅದೂ ಬರುತ್ತಿತ್ತು, ಮೆಲ್ಲಗೆ, ಸೌಟಿನ ಹಿಂದೆಯೇ.
ಅವ್ವ ಎಲೆ ಮಡಚುತ್ತ ಅನ್ನುವಳು:
"ಕೆ ಅಲ್ಲವ್ವ, ಕಿ. ಬೆರಕಿ.
ನಮ್ಮ ಕಡಿ ಬೆರಕಿ ಅಂದ್ರ ಶ್ಯಾಣ್ಯಾಕಿ."

ಒಂದು ಅಕ್ಷರ ತಿದ್ದಬೇಕು ತಾತ, ಅಂದೆ.
ಆಗ ತಲೆಯೆತ್ತಿ ನೋಡಿದ.
ಫಾರಂ ಫಾರಮ್ಮೇ ಕಣಮ್ಮ, ಅಂದ. ಅಂದು,
ಎತ್ವ ಹೊಡೆದು ಗುಡಿಸು ಹಾಕಿದ.

ಆಟೋದಲ್ಲಿ ಸೆರಗೆಲ್ಲ ಒದ್ದೆ ಮಾಡಿತು.
ಓನರಮ್ಮ ಶಾರದಾಬಾಯಿ ಮೆಟ್ಟಿಲ ಮೇಲೆ
ಸೊಂಟಕ್ಕೆ ಕೈಯಿಟ್ಟು, "ಹದಿನೈದು ದಿನ ನೋಡ್ತೀನಿ" ಅಂದಳು.
ಮರಿಯನ್ನೋ, ನನ್ನನ್ನೋ.

ಹೆಸರು ಹುಡುಕಲಿಲ್ಲ. ಮೂಗು ಜೀನ್ಸಿನ ಗುಂಡಿಯ ಹಾಗೆ
ಬಿಗಿಯಾಗಿ ಕೂತಿತ್ತು.
ವಾಷಿಂಗ್ ಯೂನಿಟ್ಟಿನಿಂದ ಬಂದ ಪಂಪಾಪತಿ ನಕ್ಕ:
"ಗುಂಡೀ ಅಂತ ಕೂಗಿದ್ರೆ
ಬಳ್ಳಾರಿ ಮಂದಿಯೆಲ್ಲ ರಸ್ತೆ ನೋಡ್ಕಂತಾರೆ."
ನಗುತ್ತಲೇ ಸವರಿದ.
ಬಿಳಿ ಬೆನ್ನ ಮೇಲೆ ಐದು ನೀಲಿ ಬೆರಳು.

ಈಗ ಮೆಷಿನ್ನಿನ ಕೆಳಗೆ ಚಿಂದಿಯ ರಾಶಿಯೇ ಹಾಸಿಗೆ.
ಮೈತುಂಬ ನೀಲಿ ಧೂಳು, ಮೀಸೆಗೂ.
ದಸ್ತಗೀರ್ ತಾತ ಬಂದರೆ
ಇನ್ನೊಂದು ಗೀಟು ಹಾಕಬೇಕು.

ಹನ್ನೆರಡನೆಯ ದಿನ ಭಾನುವಾರ.
ಮೋಟಾರುಗಳೆಲ್ಲ ನಿಂತು ಓಣಿ ಸುಮ್ಮನಾಯಿತು.
ಗುಂಡಿ ಎದ್ದು ಕೂತು ಅಳತೊಡಗಿತು.
ಹಾಲಿಟ್ಟೆ, ಮೂಸಿ ಬಿಟ್ಟಿತು.
ತೊಡೆಯ ಮೇಲಿಟ್ಟುಕೊಂಡೆ, ಜಾರಿ ಇಳಿದು
ಮೆಷಿನ್ನಿನ ಕಾಲಿಗೆ ಕಿವಿಯಾನಿಸಿತು.
ಅದಕ್ಕೆ ನೆನಪಾದದ್ದು ಲಾರಿಯ ಗುಡುಗುಡುವೋ,
ತಾಯಿಯ ಹೊಟ್ಟೆಯ ಸದ್ದೋ, ನನಗೇನು ಗೊತ್ತು.

ಮೂಲೆಯಲ್ಲಿ ಅವ್ವನ ಕಾಲುಮೆಷಿನ್ನು ಇತ್ತು.
ಮೇಲಿನ ಡಬ್ಬಿಗಳನ್ನಿಳಿಸಿದೆ.
ಸೂಜಿಯ ದಾರ ತೆಗೆದೆ, ಬಟ್ಟೆ ಇಡಲಿಲ್ಲ,
ತುಳಿದೆ.

"ಈ ಹೊತ್ತಿನಾಗ ಏನು ಹೊಲೀತೀಯೇ?"
ಮೇಲಿನಿಂದ ಶಾರದಾಬಾಯಿ.
ಏನೂ ಇಲ್ಲ, ಅಂದೆ.
ಅವಳು ಬಾಗಿಲು ಹಾಕಿಕೊಂಡ ಸದ್ದು ಕೇಳಿತು, ಮೆತ್ತಗೆ.

ಜೋತ ಕಿವಿ ಮೊದಲು ಮಲಗಿತು.
ನೆಟ್ಟನೆಯದು ಇನ್ನೂ ಎಚ್ಚರ.
ತುಳಿಯುತ್ತಲೇ ಇದ್ದೆ.